ಯಾರದೂ ಅಲ್ಲದ ಮಗು, ಇಲ್ಲದ ರೋಗ

ಆ ವಾರ ನಮ್ಮ ಸೀಮೆಯಲ್ಲಿ ಗಾಳಿರೋಗ ಸತ್ತುಹೋಗಿತ್ತು. ಬುಧವಾರ ಅದನ್ನು ಮಣ್ಣು ಮಾಡುವ ಸಮಾರಂಭ. ಇನ್ನೂರು ಕುರ್ಚಿ, ಎರಡು ಶಾಮಿಯಾನ, ಒಂದು ಬ್ಯಾಂಡು, ಆರೋಗ್ಯ ಮಂತ್ರಿ. ರೋಗ ಬದುಕಿದ್ದಾಗ ಅದರ ಮುಖ ನೋಡಲು ಇವರಲ್ಲಿ ಒಬ್ಬರೂ ಬಂದಿರಲಿಲ್ಲ.

ನಾನು ಗಾಜೆ. ಗಿದಾನ್ ಕೂಕಾ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸುತ್ತಿದ್ದೆ. ರಕ್ತ, ವಾಂತಿ, ಕೀವು, ಹೇಲು. ಡಾಕ್ಟರುಗಳು ವರ್ಷಕ್ಕೊಬ್ಬರು ಬಂದು ಹೋಗುತ್ತಾರೆ, ಇವು ಹೋಗುವುದಿಲ್ಲ. ಆ ವಾರ ನನಗೆ ಕುರ್ಚಿ ತೊಳೆಯುವ ಕೆಲಸ. ಒಂದೊಂದನ್ನೂ ಮಗುಚಿ, ಕಾಲು ಉಜ್ಜಿ, ಬಿಸಿಲಿಗೆ ಇಟ್ಟೆ. ಸೊಂಟ ಬಿದ್ದುಹೋಯಿತು. ಒಂದರ ಮೇಲೆ ಕೂತು ಉಸಿರು ಬಿಡೋಣ ಅಂದರೆ ಗುಮಾಸ್ತ ಕೂಗಿದ, "ಏಯ್ ಗಾಜೆ, ಏಳು! ಅದು ಮಂತ್ರಿಗಳಿಗೆ." ಇನ್ನೂರೂ ಮಂತ್ರಿಗಳಿಗಂತೆ. ಮಂತ್ರಿಗೆ ಎಷ್ಟು ಕುಂಡೆ ಇದ್ದಾವು!

ಗಾಳಿರೋಗ ಅಂದರೆ ಏನೆಂದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಮಗುವಿನ ಒಸಡಿನಲ್ಲಿ ಒಂದು ಹುಣ್ಣು ಏಳುತ್ತದೆ. ಮೂರನೆಯ ದಿನ ಕೆನ್ನೆ ಊದುತ್ತದೆ. ಐದನೆಯ ದಿನ ಕಪ್ಪಾಗುತ್ತದೆ. ವಾರ ಕಳೆದರೆ ಕೆನ್ನೆ ಉದುರಿ ಬಿದ್ದು ಹಲ್ಲು ಹೊರಗೆ ಕಾಣುತ್ತದೆ. ಹತ್ತು ಮಕ್ಕಳಿಗೆ ಬಂದರೆ ಒಂಬತ್ತು ಸಾಯುತ್ತವೆ. ಉಳಿದ ಒಂದನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟು ಸಾಕುತ್ತಾರೆ. ಸತ್ತವರು ಆಸ್ಪತ್ರೆಗೆ ಬರುವುದಿಲ್ಲ, ಬದುಕಿದವರು ಬೀದಿಗೆ ಬರುವುದಿಲ್ಲ. ಎರಡು ವರ್ಷದಿಂದ ಯಾರೂ ಬಂದಿಲ್ಲವೆಂದು ಮೇಲಿನವರು ಕಾಗದದಲ್ಲಿ ನೋಡಿದರು. ರೋಗ ಹೋಯಿತು ಎಂದು ತೀರ್ಮಾನಿಸಿದರು. ಚಪ್ಪಾಳೆ ತಟ್ಟಿಕೊಂಡರು.

ಭಾನುವಾರ ಬೆಳಿಗ್ಗೆ ಹನ್ಸಾಯ್ ಬಂದಳು. ಹದಿನೆಂಟು ಇರಬಹುದು. ಎರಡು ದಿನ ನಡೆದು ಬಂದಿದ್ದಳು, ಕಾಲೆಲ್ಲ ಕೆಂಧೂಳು. ಬೆನ್ನಿಗೆ ಬಟ್ಟೆ ಬಿಗಿದು ಮೂರು ವರ್ಷದ ಹೆಣ್ಣುಮಗುವನ್ನು ಕಟ್ಟಿಕೊಂಡಿದ್ದಳು. ಮಗುವಿನ ಮುಖಕ್ಕೂ ಬಟ್ಟೆ. ಅವಳು ಜಗುಲಿ ಹತ್ತಿದ ತಕ್ಷಣ ನನ್ನ ಕೈಯಿಂದ ಬಕೆಟ್ಟು ಜಾರಿತು. ಆ ವಾಸನೆ ಬೇರೆ ಯಾವುದರದ್ದೂ ಅಲ್ಲ. ನನ್ನ ಮೊದಲ ಮಗ ಹೋದದ್ದು ಅದೇ ವಾಸನೆಯಲ್ಲಿ.

ಜಗುಲಿಯಲ್ಲಿ ಗುಮಾಸ್ತ ಲವಾಲಿ ಮೇಜು ಹಾಕಿಕೊಂಡು ಕೂತಿದ್ದ. ಅವನನ್ನು ಎಲ್ಲರೂ ಮಾಲಂ ಅನ್ನುತ್ತೇವೆ, ಓದಿದವನೆಂದು. ಪಕ್ಕದಲ್ಲಿ ಹೊಸ ಡಾಕ್ಟರು ಓಸಾರೊ. ದಕ್ಷಿಣದ ಕಡಲ ಕಡೆಯ ಹುಡುಗ, ಸರ್ಕಾರ ಒಂದು ವರ್ಷಕ್ಕೆ ನಮ್ಮಲ್ಲಿ ತಂದು ಬಿಸಾಕಿತ್ತು. ನಮ್ಮ ಮಾತು ಬರದು, ನಮ್ಮ ರೀತಿ ತಿಳಿಯದು, ನಮ್ಮ ಬಿಸಿಲು ಆಗದು. ಡಾಕ್ಟರುಗಳ ಮಾತು ಹನ್ನೊಂದು ವರ್ಷದಲ್ಲಿ ನನಗೇ ಅಷ್ಟಿಷ್ಟು ಬಂದಿತ್ತು.

"ಮಗೂ ಹೆಸ್ರು?" ಎಂದ ಲವಾಲಿ.

ಹನ್ಸಾಯ್ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದಳು.

"ಯಾರ್ ಮಗು ಇದು?"

"ಮನೇಲಿತ್ತು. ಹುಷಾರಿರ್ಲಿಲ್ಲ. ಎತ್ಕೊಂಡ್ ಬಂದೆ."

ನಮ್ಮಲ್ಲಿ ಹಡೆದವರು ಮೊದಲ ಮಗುವನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾಲ್ಕು ಜನರ ಎದುರು ನನ್ನದು ಅನ್ನುವುದಿಲ್ಲ, ಮುದ್ದಿಸುವುದಿಲ್ಲ, ಅದು ಬಿದ್ದು ಅತ್ತರೂ ತಿರುಗಿ ನೋಡುವುದಿಲ್ಲ. ಅದು ಮಾನ, ಮರ್ಯಾದೆ. ಲವಾಲಿಗೂ ಗೊತ್ತು. ಅವನ ದೊಡ್ಡ ಮಗನಿಗೆ ಇಪ್ಪತ್ತು ವರ್ಷ, ಇವತ್ತಿಗೂ ಅವನನ್ನು "ಆ ಮನುಷ್ಯ" ಅನ್ನುತ್ತಾನೆ. ಶಾಲೆಗೆ ಸೇರಿಸುವಾಗ ಹೆಸರು ಹೇಳಲು ಪಕ್ಕದ ಮನೆಯವನನ್ನು ಕಳಿಸಿದ್ದ. ಬೇರೆ ದಿನವಾದರೆ ಏನೋ ಒಂದು ಬರೆದು ಒಳಗೆ ಕಳಿಸುತ್ತಿದ್ದ. ಆದರೆ ಮಂತ್ರಿ ಬರುವ ವಾರ, ಕಾಗದವೆಲ್ಲ ಚೊಕ್ಕವಾಗಿರಬೇಕು, ಪಕ್ಕದಲ್ಲಿ ಡಾಕ್ಟರು ಕೂತಿದ್ದಾನೆ.

"ಏನಂತಾಳೆ?" ಡಾಕ್ಟರು ಕೇಳಿದ.

"ಮನೇಲಿತ್ತಂತೆ ಸಾರ್. ಎತ್ಕೊಂಡ್ ಬಂದ್ಳಂತೆ."

"ಕದ್ದಿದ್ದಾ?"

"ಅಲ್ಲಲ್ಲ ಸಾರ್. ನಮ್ ಕಡೆ ಹಂಗೇಯ."

"ಹಂಗೇ ಅಂದ್ರೆ? ನಿಮ್ ಕಡೆ ಸಿಕ್ಕಿದ್ ಮಕ್ಕಳನ್ನ ಎತ್ಕೊಂಡ್ ಓಡಾಡ್ತಾರಾ?"

ಬಿಡಿಸಿ ಹೇಳಬೇಕಿತ್ತು ಲವಾಲಿ. ಬಿಡಿಸಿ ಹೇಳುವುದಕ್ಕೂ ಅವನಿಗೆ ನಾಚಿಕೆ. ತನ್ನ ಮಗನ ವಿಷಯ ಬಂದೀತೆಂದು ಬೆವರಿದ. ಡಾಕ್ಟರು ಕಾಗದ ಕಿತ್ತುಕೊಂಡು ತಾನೇ ಬರೆದ: ತಾಯಿಯಲ್ಲ, ಮಗು ಸಿಕ್ಕಿದ್ದು. ಆಸ್ಪತ್ರೆಯಲ್ಲಿ ಸಿಕ್ಕಿದ ವಸ್ತುಗಳಿಗೆ ಇರುವುದು ಒಂದೇ ಪುಸ್ತಕ. ಅದರಲ್ಲಿ ಎರಡು ಜೊತೆ ಚಪ್ಪಲಿ, ಒಂದು ಕೊಡೆ, ಒಂದು ಹಲ್ಲಿನ ಸೆಟ್ಟು ಇದ್ದವು. ಅವುಗಳ ಕೆಳಗೆ ಲವಾಲಿ ಬರೆದ: ಮಗು ಒಂದು, ಹೆಣ್ಣು, ಬಟ್ಟೆ ಸಮೇತ.

ಆಮೇಲೆ ಡಾಕ್ಟರು ಮುಖದ ಬಟ್ಟೆ ಎತ್ತಿದ. ಎಡಗೆನ್ನೆ ಬಿಗಿದು ಹೊಳೆಯುತ್ತಿತ್ತು. ತುಟಿ ಸರಿಸಿದರೆ ಒಸಡು ಬೂದಿ ಬಣ್ಣ. ಅವನ ಕಣ್ಣು ಅರಳಿದವು. ನಾನು ಹೇಳುವುದು ನಿಜ, ಅವನಿಗೆ ಸಂತೋಷವಾಯಿತು.

"ಪುಸ್ತಕದಲ್ಲಿ ಒಂದೇ ಒಂದು ಚಿತ್ರ ನೋಡಿದ್ದೆ. ಇದು ತುಂಬಾ ಅಪರೂಪ ಲವಾಲಿ! ಇದರ ಕ್ರಿಮಿ ಹೊರಗಿಂದ ಬರಲ್ಲ ಗೊತ್ತಾ? ನಿನ್ನ ಬಾಯಲ್ಲೂ ಇದೆ, ನನ್ನ ಬಾಯಲ್ಲೂ ಇದೆ. ಸುಮ್ನೆ ಬಿದ್ದಿರತ್ತೆ. ಮಗುಗೆ ದಡಾರ ಬಂದು, ಊಟ ಇಲ್ದೆ ಮೈ ಸೋತಾಗ ಎದ್ದು ತಿನ್ನೋಕೆ ಶುರು ಮಾಡತ್ತೆ. ಅವಕಾಶವಾದಿ ಕ್ರಿಮಿ ಅಂತೀವಿ."

ಅವಕಾಶವಾದಿಗಳನ್ನು ನಾನೂ ಕಂಡಿದ್ದೇನೆ. ಅವರು ಕಾರಿನಲ್ಲಿ ಬರುತ್ತಾರೆ, ಅವರಿಗಾಗಿ ಕುರ್ಚಿ ತೊಳೆಯಬೇಕಾಗುತ್ತದೆ.

"ದಡಾರ ಬಂದಿತ್ತಾ?" ಎಂದು ಡಾಕ್ಟರು ಲವಾಲಿಯಿಂದ ಕೇಳಿಸಿದ.

"ಹೋದ ತಿಂಗ್ಳು," ಎಂದಳು ಹನ್ಸಾಯ್ ಗೋಡೆಗೆ.

"ಊಟ?"

"ಸಜ್ಜೆ ಮುಗೀತು. ಹೊಸಾದು ಬರಕ್ಕೆ ಇನ್ನೂ ನಾಕು ತಿಂಗ್ಳು."

"ಇವತ್ತೇ ಚುಚ್ಚುಮದ್ದು ಶುರು ಮಾಡಿದ್ರೆ ಕೆನ್ನೆ ಉಳಿಯತ್ತೆ," ಎಂದ ಡಾಕ್ಟರು. "ಬರ್ಕೋ ಲವಾಲಿ."

"ಎಲ್ಲಿ ಬರೀಲಿ ಸಾರ್?" ಲವಾಲಿ ದೊಡ್ಡ ಪುಸ್ತಕ ತಿರುಗಿಸಿ ತೋರಿಸಿದ. ರೋಗಗಳ ಪಟ್ಟಿಯಲ್ಲಿ ಗಾಳಿರೋಗದ ಸಾಲಿನ ಮೇಲೆ ಕೆಂಪು ಶಾಯಿಯ ಗೀಟು. "ಮೇಲಿನೋರೇ ಬಂದು ಹೊಡ್ದು ಹೋದ್ರು. ಇಲ್ದಿರೋ ರೋಗ ನಾನು ಬರ್ದ್ರೆ ನಂಗೇ ರೋಗ ಅಂತಾರೆ."

"ಸರಿ, ಬರೀಬೇಡ. ಔಷಧಿ ತೆಗಿ."

ಔಷಧಿ ಕೋಣೆ ಖಾಲಿ. ಸಭಾಂಗಣದಲ್ಲಿ ಒಂದು ಗಾಜಿನ ಬೀರು ತಂದಿಟ್ಟಿದ್ದರು. "ಗಾಳಿರೋಗವನ್ನು ಗೆದ್ದ ಔಷಧಿ" ಎಂದು ಮೇಲೆ ಬರೆದಿತ್ತು. ಇದ್ದ ನಾಲ್ಕು ಬುಡ್ಡಿ ಅದರಲ್ಲಿ ಇಟ್ಟರೆ ಬಡಕಲಾಗಿ ಕಂಡಿತಂತೆ, ಅದಕ್ಕೆ ಆಸ್ಪತ್ರೆಯ ಚುಚ್ಚುಮದ್ದನ್ನೆಲ್ಲ ತಂದು ಸಾಲಾಗಿ ಜೋಡಿಸಿದ್ದರು. ಬೀಗ ಹಾಕಿ ಹಸಿರು ಪಟ್ಟಿ ಕಟ್ಟಿದ್ದರು. ಮಂತ್ರಿ ಬುಧವಾರ ಕತ್ತರಿಸಬೇಕು. ದಿನಕ್ಕೆರಡು ಸಲ ಆ ಗಾಜು ಒರೆಸುವುದು ನನ್ನ ಕೆಲಸ.

ಡಾಕ್ಟರು ಮೇಲಿನವರಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ನೆಲ ಒರೆಸುತ್ತಿದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು, ಮೃದುವಾಗಿತ್ತು. ಬುಧವಾರದವರೆಗೆ ಆ ರೋಗ ಇರಲು ಸಾಧ್ಯವೇ ಇಲ್ಲ ಡಾಕ್ಟರೇ, ಗುರುವಾರದಿಂದ ಬರಬಹುದು, ಆಗ ಹೊಸದಾಗಿ ಬಂತು ಎಂದು ಬರೆಯೋಣ ಎಂದಿತು. ನಿಮ್ಮ ಸೇವೆಯ ಪ್ರಮಾಣಪತ್ರಕ್ಕೆ ಸಹಿ ಹಾಕುವವನು ನಾನೇ ಎಂದೂ ಹೇಳಿತು. ಡಾಕ್ಟರು ಫೋನು ಇಟ್ಟು ತನ್ನ ಬೂಟು ನೋಡಿಕೊಂಡ.

"ಸಾರ್, ಸಂತೇಲಿ ತರ್ಲಾ?" ಎಂದೆ.

"ಸಂತೇಲಿ ಮಾರೋದು ಸೀಮೆಸುಣ್ಣದ ಮಾತ್ರೆ. ಇದಕ್ಕೆ ಚುಚ್ಚುಮದ್ದೇ ಬೇಕು. ಬಾಯಿ ಉಪ್ಪುನೀರಲ್ಲಿ ತೊಳೀತಾ ಇರು. ಏನಾದ್ರೂ ಕುಡಿಸು."

ಸಿಕ್ಕಿದ ವಸ್ತುವನ್ನು ಒಳಗಿಡಬಹುದು, ತಂದುಕೊಟ್ಟವರು ಒಳಗಿರುವ ಹಾಗಿಲ್ಲ. ಹನ್ಸಾಯ್‌ಳನ್ನು ಗೇಟಿನ ಹೊರಗೆ ಕಳಿಸಿದರು. ಅವಳು ಬೇವಿನ ಮರದಡಿ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಮಗು ಸಭಾಂಗಣಕ್ಕೆ ನಾರುತ್ತದೆಂದು ಅದನ್ನು ನನ್ನ ಪೊರಕೆ ಕೋಣೆಗೆ ಹಾಕಿಸಿದರು. ಬಕೆಟ್ಟು, ಗೋಣಿ, ಫಿನಾಯಿಲ್ ಡಬ್ಬ, ನಡುವೆ ಮಗು. ಲವಾಲಿ ಬಾಗಿಲಿಗೆ ಅತ್ತರು ಚಿಮುಕಿಸಿ ಹೋದ. ಎರಡೂ ಸೇರಿ ಇನ್ನೂ ಕೆಟ್ಟ ನಾತ ಹೊಡೆಯಿತು.

ನಾನು ಬೆರಳಿಗೆ ಬಟ್ಟೆ ಸುತ್ತಿ ಉಪ್ಪುನೀರಿನಲ್ಲಿ ಅದ್ದಿ ಅದರ ಬಾಯಿ ತೊಳೆದೆ. ಸತ್ತ ಚರ್ಮ ಎಳೆಯಾಗಿ ಬೆರಳಿಗೆ ಅಂಟಿ ಬಂತು. ಮಗು ಅಳಲಿಲ್ಲ, ಅಳಲು ಕೆನ್ನೆ ಎಳೆಯಬೇಕು. ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು ನೋಡುತ್ತಿತ್ತು. ಸಜ್ಜೆ ಗಂಜಿಯನ್ನು ಬಲಗಡೆಯಿಂದ ಹನಿಹನಿಯಾಗಿ ಬಿಟ್ಟೆ. ಆಮೇಲೆ ಹೋಗಿ ಕುರ್ಚಿ ತೊಳೆದೆ. ಮತ್ತೆ ಬಂದು ಬಾಯಿ ತೊಳೆದೆ. ಎರಡು ದಿನ ಹೀಗೇ ಕಳೆಯಿತು.

ಮಂಗಳವಾರ ಬೆಳಿಗ್ಗೆ ಕೆನ್ನೆಯ ನಡುವೆ ಕಪ್ಪು ಚುಕ್ಕೆ ಮೂಡಿತ್ತು. ಕಡಲೆಕಾಯಿ ಬೀಜದಷ್ಟು. ಇನ್ನು ಒಂದು ದಿನ ಬಿಟ್ಟರೆ ಕೆನ್ನೆ ಹೋಗುತ್ತದೆ, ಎರಡು ದಿನ ಬಿಟ್ಟರೆ ಮಗು.

ಡಾಕ್ಟರ ಮುಂದೆ ನಿಂತೆ. "ಬೀರು ತೆಗೀರಿ ಸಾರ್."

ಅವನಿಗೂ ನಿದ್ದೆ ಬಿದ್ದಿರಲಿಲ್ಲ. "ಯಾರು ಕೇಳ್ತಿದ್ದಾರೆ ಗಾಜೆ? ನೀನು ಅದರ ತಾಯಿ ಅಲ್ಲ. ಆ ಹೆಂಗಸು ನಂದಲ್ಲ ಅಂತಾಳೆ, ತಿರುಗಿ ಕೂಡ ನೋಡಲ್ಲ. ಯಾರದೂ ಅಲ್ಲದ ಮಗು, ಇಲ್ಲದ ರೋಗ. ನಾನು ಯಾವುದಕ್ಕೆ ಸಹಿ ಹಾಕ್ಲಿ?"

ನಾನು ಬೇವಿನ ಮರದ ಹತ್ತಿರ ಓಡಿದೆ. ಹನ್ಸಾಯ್ ಕಡ್ಡಿ ಮುರಿಯುತ್ತ ಕೂತಿದ್ದಳು. ಎರಡು ದಿನದಿಂದ ಮುರಿದ ಕಡ್ಡಿ ಅವಳ ಮುಂದೆ ರಾಶಿಯಾಗಿತ್ತು.

"ಏಳೇ. ಒಳಗ್ ಬಾ. ನನ್ ಮಗ್ಳು ಅನ್ನು."

"ಹೆಂಗ್ ಅನ್ನಲಕ್ಕ? ಮೊದ್ಲುನೇದು." ತಲೆ ಎತ್ತಲಿಲ್ಲ. "ನಮ್ಮತ್ತೆಗೆ ಗೊತ್ತಾದ್ರೆ ಬಾಯ್ಬಡುಕಿ, ನಾಚ್ಕೆಗೆಟ್ಟೋಳು ಅಂತಾಳೆ. ಊರೆಲ್ಲ ಉಗೀತದೆ."

"ಉಗೀಲಿ. ಒರೆಸ್ಕೊಂಡ್ರೆ ಹೋಯ್ತದೆ. ಹನ್ನೊಂದ್ ವರ್ಷದಿಂದ ನಾನ್ ಒರೆಸ್ತಿಲ್ವಾ? ಒಳಗಿರೋ ಆ ಗಂಡಸ್ರು ನಾಚ್ಕೆ ಬಿಟ್ಟು ಯಾವ್ ಕಾಲ ಆಯ್ತೋ, ಇಡೀ ಸೀಮೆ ನಾಚ್ಕೇನ ನೀನೊಬ್ಳೇ ಹೊತ್ಕೊಂಡ್ ಕೂತಿದೀಯಲ್ಲೇ!"

ಅವಳು ಇನ್ನೊಂದು ಕಡ್ಡಿ ಮುರಿದಳು. ಆಗ ನಾನು ಯಾರಿಗೂ ಹೇಳದ್ದನ್ನು ಹೇಳಿದೆ. "ನಂಗೂ ಒಬ್ಬ ಇದ್ದ. ನಾನೂ ನಿನ್ ಹಂಗೇ ಬೆನ್ ತಿರುಗ್ಸಿ ಕೂತಿದ್ದೆ. ಮರ್ಯಾದಸ್ಥೆ ಅಂತ ಎಲ್ರೂ ಹೊಗಳಿದ್ರು. ಅವ್ನು ಹಿಂದಿನ ಕೋಣೇಲಿ ಸತ್ತ. ಸತ್ತಾಗ್ಲೂ ಹೆಸ್ರು ಹಿಡ್ದು ಅಳ್ಲಿಲ್ಲ ಕಣೇ ನಾನು. ಆ ಹೊಗಳಿಕೆ ಇಟ್ಕೊಂಡು ಏನ್ ಮಾಡ್ಲಿ ಈಗ, ಉಪ್ಪು ಹಾಕ್ಕೊಂಡ್ ನೆಕ್ಲಾ?"

ಹನ್ಸಾಯ್ ಎದ್ದಳು. ಮಡಿಲಿನ ಕಡ್ಡಿ ಚೆಲ್ಲಿದವು. ನೆಟ್ಟಗೆ ನಡೆದಳು, ಕಾವಲಿನವನು ಕೈ ಅಡ್ಡ ಹಿಡಿದರೆ ತಳ್ಳಿಯೇ ನಡೆದಳು.

ಸಭಾಂಗಣದಲ್ಲಿ ಬುಧವಾರದ ತಾಲೀಮು ನಡೆದಿತ್ತು. ಮಂತ್ರಿಯ ಕುರ್ಚಿಯಲ್ಲಿ ಮಂತ್ರಿಯಾಗಿ ಲವಾಲಿ ಕೂತಿದ್ದ. ಶಾಲೆಯ ಹುಡುಗಿಯರು "ಹೋಗಿ ಬಾ ಗಾಳಿರೋಗವೇ" ಎಂದು ಹಾಡುತ್ತಿದ್ದರು. ಹೋಗಿ ಬಾ ಅಂದರೆ ಮತ್ತೆ ಬಾ ಅಂದ ಹಾಗೆ, ಬರೀ ಹೋಗು ಅನ್ನಿ ಎಂದು ಮೇಷ್ಟರು ತಿದ್ದುತ್ತಿದ್ದರು. ಚಪ್ಪಾಳೆ ತಟ್ಟುವುದನ್ನು ಕಲಿಸಲು ಅಕ್ಕಪಕ್ಕದ ಹಳ್ಳಿಗಳಿಂದ ಐವತ್ತು ಹೆಂಗಸರನ್ನು ಲಾರಿಯಲ್ಲಿ ತುಂಬಿ ತಂದು ನೆಲದ ಮೇಲೆ ಕೂರಿಸಿದ್ದರು. ಕುರ್ಚಿ ಇನ್ನೂ ಒಣಗುತ್ತಿದ್ದವು. ಲವಾಲಿ ಎದ್ದು ಗಂಟಲು ಸರಿಮಾಡಿಕೊಂಡು, ಕತ್ತರಿ ಎತ್ತಿ ಗಾಳಿ ಕತ್ತರಿಸಿದ. ಹೆಂಗಸರು ತಟ್ಟಿದರು.

ಹನ್ಸಾಯ್ ನಡುವೆ ಹೋಗಿ ನಿಂತಳು.

"ಪೊರಕೆ ಕೋಣೇಲಿ ಬಿದ್ದಿರೋದು ನನ್ ಮಗ್ಳು," ಎಂದಳು. ಆಮೇಲೆ ದನಿ ಏರಿತು. "ನಾನೇ ಹೆತ್ತಿದ್ದು! ನನ್ ಮೊದ್ಲುನೇ ಮಗ್ಳು! ಅವ್ಳ ಹೆಸ್ರು ಬಿಲ್ಕಿಸು! ಕೇಳಿಸ್ತಾ? ಬಿಲ್ಕಿಸು! ಗಾಳಿರೋಗ ಬಂದದೆ ಅವ್ಳಿಗೆ! ಔಷ್ದಿ ಕೊಡಿ!"

ಹಾಡು ನಿಂತಿತು. ಐವತ್ತು ಹೆಂಗಸರೂ ಒಟ್ಟಿಗೆ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಕೆಲವರು ಕಿವಿ ಮುಚ್ಚಿದರು. ಲವಾಲಿಯ ಕೈಯಿಂದ ಕತ್ತರಿ ಬಿತ್ತು. ಅವನು ನಿಲುವಂಗಿಯ ಅಗಲ ತೋಳುಗಳನ್ನು ಎತ್ತಿ ಮುಖ ಹೂತುಕೊಂಡು ಮಂತ್ರಿಯ ಕುರ್ಚಿಯಲ್ಲಿ ಕುಸಿದ. ಬೆತ್ತಲೆ ಹೆಂಗಸನ್ನು ನೋಡಿದ್ದರೂ ಅಷ್ಟು ನಾಚುತ್ತಿರಲಿಲ್ಲ.

ಬೀರುವಿನ ಕೀಲಿ ಅವನ ಜೇಬಿನಲ್ಲಿತ್ತು. ನಾನು ಕೈ ಹಾಕಿ ತೆಗೆದೆ. ನನ್ನ ಕೈ ಅವನಿಗೆ ಗೊತ್ತಾಯಿತು. ಮುಖ ಎತ್ತಲಿಲ್ಲ. ಸ್ವಲ್ಪ ಪಕ್ಕಕ್ಕೆ ವಾಲಿದ, ಜೇಬು ಸಡಿಲವಾಗಲೆಂದು.

ಹಸಿರು ಪಟ್ಟಿಯನ್ನು ನಾನೇ ಕತ್ತರಿಸಿದೆ. ಯಾರೂ ತಟ್ಟಲಿಲ್ಲ. ಬುಡ್ಡಿಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದೆ. "ಕೇಳೋರು ಬಂದವ್ರೆ. ಚುಚ್ಚಿ."

"ಯಾವ ರೋಗಕ್ಕೆ ಅಂತ ಬರೀಲಿ?" ಅವನು ಪೆನ್ನು ಎತ್ತಿಕೊಂಡ.

"ಬಿಲ್ಕಿಸುಗೆ ಅಂತ ಬರೀರಿ ಸಾರ್. ರೋಗಕ್ಕೆ ಯಾಕ್ ಚುಚ್ತೀರಿ?"

ಅವನು ಪೊರಕೆ ಕೋಣೆಯಲ್ಲಿ ಮಂಡಿಯೂರಿ ಚುಚ್ಚಿದ. ಹನ್ಸಾಯ್ ಮಗುವನ್ನು ಎಲ್ಲರ ಎದುರೇ ಮಡಿಲಿಗೆ ಹಾಕಿಕೊಂಡು ಹಿಡಿದಳು. ಮಗು ತಾಯಿಯ ಮುಖವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿತು. ಅಷ್ಟು ಹತ್ತಿರದಿಂದ, ಬೆಳಕಿನಲ್ಲಿ, ಅದು ಆ ಮುಖವನ್ನು ಹೆಚ್ಚು ಸಲ ಕಂಡಿರಲಿಕ್ಕಿಲ್ಲ.

ಬುಧವಾರ ಮಂತ್ರಿ ಬಂದ. ಬೀರುವಿನಲ್ಲಿ ಬುಡ್ಡಿಗಳು ತುಂಬಿದ್ದವು, ಹೊಸ ಪಟ್ಟಿ ಬಿಗಿದಿತ್ತು. ಲವಾಲಿ ಹಳೆಯ ಬುಡ್ಡಿ ಹೆಕ್ಕಿ ಬಾವಿಯ ನೀರು ತುಂಬಿದ್ದ. ಮಂತ್ರಿ ಒಂದನ್ನು ಎತ್ತಿ ಹಿಡಿದು, ಈ ಅಮೃತವೇ ನಿಮ್ಮ ಮಕ್ಕಳ ಮುಖ ಉಳಿಸಿತು ಎಂದು ಕಣ್ಣೊರೆಸಿಕೊಂಡ. ಬ್ಯಾಂಡು ಬಾರಿಸಿತು. ಆ ಗದ್ದಲದ ನಡುವೆ ಡಾಕ್ಟರು ಕಾಲುಚೀಲದಲ್ಲಿ ಬಚ್ಚಿಟ್ಟಿದ್ದ ಬುಡ್ಡಿ ತೆಗೆದು ಬಿಲ್ಕಿಸುಗೆ ಇನ್ನೊಂದು ಸಲ ಚುಚ್ಚಿದ. ಸಂಜೆಗೆ ಜ್ವರ ಇಳಿಯಿತು. ಕಪ್ಪು ಚುಕ್ಕೆ ಹರಡಲಿಲ್ಲ. ಕೆಲವು ದಿನ ಕಳೆದು ಅದು ಉದುರಿದಾಗ ಕೆನ್ನೆಯಲ್ಲಿ ಕಿರುಬೆರಳು ತೂರುವಷ್ಟು ತೂತು ಉಳಿಯಿತು. ಭಾನುವಾರವೇ ಕೊಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಆ ತೂತು ಯಾರದೆಂದು ನನಗೆ ಗೊತ್ತು, ಅದನ್ನು ನಾನು ಕ್ಷಮಿಸುವುದಿಲ್ಲ.

ಗುರುವಾರ ನನ್ನನ್ನು ಕೆಲಸದಿಂದ ತೆಗೆದರು. ಕದ್ದಳು ಎಂದು ಬರೆಯುವ ಹಾಗಿರಲಿಲ್ಲ, ಬೀರು ತುಂಬಿತ್ತಲ್ಲ. ಸಭಾಂಗಣದ ನೆಲ ಸರಿಯಾಗಿ ಒರೆಸಿಲ್ಲ ಎಂದು ಬರೆದರು. ಲವಾಲಿ ಅದನ್ನು ಓದಿ ಹೇಳುವಾಗ ನನ್ನ ಮುಖ ನೋಡಲಿಲ್ಲ. ಓದಿ ಮುಗಿಸಿ ದೊಡ್ಡ ಪುಸ್ತಕ ತೆಗೆದ. ಕೆಂಪು ಗೀಟಿನ ಪಕ್ಕ ಹೊಸ ಸಾಲು ಎಳೆದು ಬರೆದ: ಗಾಳಿರೋಗ, ಮೊದಲನೆಯದು, ಬಿಲ್ಕಿಸು. ಈಗ ಅಪ್ಪಣೆ ಇತ್ತು.

"ಮೊದಲ್ನೇದಾ?" ಎಂದಿತು ಒಂದು ದನಿ. ಮಂಗಳವಾರ ಲಾರಿಯಲ್ಲಿ ಬಂದು ನೆಲದ ಮೇಲೆ ಕೂತಿದ್ದ ಹಣ್ಣು ಮುದುಕಿ ದೇಲು. ಕೋಲೂರಿಕೊಂಡು ಏಳು ಮೈಲಿ ನಡೆದು ಬಂದಿದ್ದಳು. "ನಂದು ಯಾವಾಗಿಂದು ಹಂಗಾದ್ರೆ? ಬರ್ಕೋ ಮಾಲಂ."

"ಅಜ್ಜಿ, ಸತ್ತೋರ್ನ ಇದ್ರಲ್ಲಿ ಬರಿಯಂಗಿಲ್ಲ."

"ಅದ್ರಲ್ ಆಗ್ದಿದ್ರೆ ಗೋಡೆ ಮೇಲ್ ಬರಿ. ಮಂತ್ರಿಗೆ ಅಂತ ಸುಣ್ಣ ಬಳ್ದಿದೀರಲ್ಲ, ಖಾಲಿ ಐತೆ." ಒಲೆಯಿಂದ ತಂದ ಇದ್ದಿಲ ಚೂರು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. "ಬರಿ. ಮಾಮುದಾ. ನನ್ ಮೊದ್ಲುನೇ ಮಗ. ನಾಕು ವರ್ಷ."

ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಅವಳ ಹಿಂದೆ ಗೇಟಿನ ತನಕ ಹೆಂಗಸರು. ಮುಖಕ್ಕೆ ಸೆರಗು ಎಳೆದೇ ನಿಂತಿದ್ದರು, ನಾಚಿಕೆ ಒಂದೇ ದಿನಕ್ಕೆ ಎಲ್ಲಿ ಹೋದೀತು? ಸರದಿ ಬಂದಾಗ ಸೆರಗಿನ ಒಳಗಿಂದಲೇ ಹೇಳಿದರು. ಈ ತಲಾತುವಿನ ಮಗಳು ಸಾದಿಯಾ ಎಂದು ಒಬ್ಬಳು. ಬರೀ ಯಾಕುಬು ಎಂದು ಒಬ್ಬಳು. ಒಬ್ಬಳಿಗೆ ಹೆಸರು ನಾಲಿಗೆಗೆ ಬರಲೇ ಇಲ್ಲ, ಗೋಡೆಗೆ ಹಣೆ ಹಚ್ಚಿ ಸುಣ್ಣದ ಕಿವಿಯಲ್ಲಿ ಪಿಸುಗುಟ್ಟಿದಳು, ಲವಾಲಿ ಬಗ್ಗಿ ಕೇಳಿಕೊಂಡು ಬರೆದ. ಅವನ ನಿಲುವಂಗಿಯ ತೋಳೆಲ್ಲ ಇದ್ದಿಲು. ಡಾಕ್ಟರು ಬಾಗಿಲಲ್ಲಿ ನಿಂತು, ಅಪರೂಪದ ರೋಗ ಅಲ್ವಾ ಇದು ಅಂದವನು ಅಲ್ಲಿಗೇ ನಿಲ್ಲಿಸಿದ. ಹನ್ಸಾಯ್ ಬಿಲ್ಕಿಸುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲು ಸರಿಮಾಡುತ್ತಿದ್ದಳು, ನೂಕಬ್ಯಾಡ್ರಿ, ಗೋಡೆ ಉದ್ದ ಐತೆ ಎನ್ನುತ್ತ.

ನಾನು ಕೊನೆಯಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಬಿಸಿಲು ಜಗುಲಿಯಿಂದ ಇಳಿದಿತ್ತು. ಲವಾಲಿ ಇದ್ದಿಲು ಹಿಡಿದು ಕಾದ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಹೇಳಿರಲಿಲ್ಲ. ಅವನು ಬದುಕಿದ್ದಾಗ ಕರೆದಿರಲಿಲ್ಲ, ಹೋದಾಗ ಕೂಗಿರಲಿಲ್ಲ.

"ಸಾಲಿಹು," ಅಂದೆ. ಇನ್ನೊಂದು ಸಲ ಅಂದೆ. ಮೂರನೆಯ ಸಲ ಗಟ್ಟಿಯಾಗಿ ಕೂಗಿದೆ, ಊಟಕ್ಕೆ ಕರೆಯುವ ಹಾಗೆ.